ಬೆಂಚಿನ ಮೇಲಿನ ಚೌಕಡಿ ಟವೆಲ್

ಹುಬ್ಬಳ್ಳಿ, ಬಾವಿಕಟ್ಟಿ ಉದ್ಯಾನದ ದಕ್ಷಿಣ ಬಾಗಿಲು,
ಎರಡನೆಯ ಮೇ ತಿಂಗಳ ಕೊನೆಯ ಬುಧವಾರ, ೨೩೧೮

ಬಾವಿಕಟ್ಟಿ ವಾರ್ಡಿನ ಉದ್ಯಾನ ಸಮಿತಿಯ ಹಿರಿಯರಿಗೆ,

ನಿಮ್ಮ ಪಂಚಾಂಗದಲ್ಲಿ ಮೇ ತಿಂಗಳು ಒಂದೇ ಇದೆಯೆಂದು ಕೇಳಿದ್ದೇನೆ. ನಮ್ಮ ಬೇಸಿಗೆ ಒಂದರಲ್ಲಿ ಹಿಡಿಸುವುದಿಲ್ಲವಾದ್ದರಿಂದ ಇನ್ನೊಂದನ್ನು ಸೇರಿಸಿಕೊಂಡಿದ್ದೇವೆ. ತಾರೀಖು ನೋಡಿ ಇದು ಯಾರದೋ ಕುಚೇಷ್ಟೆಯೆಂದು ಕಾಗದವನ್ನು ಮುದ್ದೆ ಮಾಡಿ ಎಸೆಯಬೇಡಿ. ಎಸೆಯುವುದರಲ್ಲಿ ನಿಮ್ಮ ಕಾಲದವರು ಬಲು ಧಾರಾಳಿಗಳೆಂದು ಗೊತ್ತಿದೆ. ನನ್ನ ಮಾತುಗಳು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ನಿಮ್ಮ ಕನ್ನಡವನ್ನು ನಾನು ಹಳೆಯ ಫಲಕಗಳಿಂದ ಕಲಿತವಳು. ಈ ಕಾಗದ ಹಿನ್ನಂಚೆಯಲ್ಲಿ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಟಪಾಲಿನಲ್ಲಿ, ನಿಮ್ಮನ್ನು ಮುಟ್ಟುತ್ತದೆ. ಅಂಚೆಯ ಗುಮಾಸ್ತ ಇದನ್ನು ಕದ್ದು ಓದುತ್ತಾನೆಂಬ ಗುಮಾನಿ ನನಗಿದೆ. ಓದಲಿ. ಅವನ ಬಗ್ಗೆ ಒಳ್ಳೆಯದೇನೂ ಬರೆದಿಲ್ಲ.

ನನ್ನ ಹೆಸರು ನೀಲಾಂಬಿಕಾ ಅಕ್ಕಿವಳ್ಳಿ. ಬಾಯಿ ತಪಾಸಕಿಯಾಗಿದ್ದು ನಿವೃತ್ತಳಾದವಳು. ನಮ್ಮಲ್ಲಿ ಗಿರ್ಮಿಟ್ಟನ್ನು ರಸ್ತೆಯಲ್ಲಿ ನಿಂತು ತಿನ್ನುವಂತಿಲ್ಲ. ಗಾಜಿನ ಕೋಣೆಯೊಳಗೆ ತಿಂದು, ಬಾಯಿ ತೆರೆದು ತೋರಿಸಿ, ಚುರುಮುರಿಯ ಒಂದು ಕಾಳೂ ಉಳಿದಿಲ್ಲವೆಂದು ತಪಾಸಕಿ ಒಪ್ಪಿದ ಮೇಲೆ ಹೊರಗೆ ಬರಬೇಕು. ಎಷ್ಟು ಸಭ್ಯರ ದವಡೆಯಲ್ಲಿ ನಾನು ಹುರಿದ ಮೆಣಸಿನಕಾಯಿಯ ತೊಟ್ಟು ಹಿಡಿದಿದ್ದೇನೆ! ಆಯುಷ್ಯವನ್ನೆಲ್ಲ ಪರರ ಬಾಯಿ ನೋಡಿ ಕಳೆದವಳಿಗೆ ಯಾರ ಮಾತಿನ ಮೇಲೂ ನಂಬಿಕೆ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಮ್ಮ ಕಾಲುದಾರಿಗಳು ನಿಜಕ್ಕೂ ಸ್ವಚ್ಛವಾಗಿವೆ. ನೆಲದಲ್ಲಿ, ಬೆಂಚುಗಳ ಕಾಲ ಬುಡದಲ್ಲಿ, ನೆಲಗಣ್ಣುಗಳನ್ನು ಹುಗಿದಿದ್ದಾರೆ. ಮನುಷ್ಯನ ಕೈಯಳತೆಯಿಂದ ದೂರವಾದ ಯಾವುದೇ ವಸ್ತು ಬಿಟ್ಟುಳಿಕೆ. ಅದನ್ನು ಕಂಡರೆ ಆ ಕಣ್ಣು ಕೆಂಪಾಗುತ್ತದೆ. ನೀವು ಕಸ ಎನ್ನುತ್ತಿದ್ದುದು ಅದರಲ್ಲಿ ಒಂದು ಬಗೆ ಮಾತ್ರ. ಮರೆತ ಕೊಡೆಯೂ ಬಿಟ್ಟುಳಿಕೆ, ಮರದ ಬುಡಕ್ಕೆ ಇಟ್ಟ ಹೂವೂ ಬಿಟ್ಟುಳಿಕೆ. ಯಾವ ಬೆಂಚಿನ ಮೇಲೆ ಬಿಟ್ಟುಳಿಕೆ ಇದೆಯೆಂದು ದೂರು ಸಾಬೀತಾಗುತ್ತದೋ ಆ ಬೆಂಚನ್ನು ದಾರಿಗೆ ಅಡ್ಡಿಯೆಂದು ಕಿತ್ತುಹಾಕುತ್ತಾರೆ. ನೆಗಡಿಯಾದರೆ ಮೂಗು ಕೊಯ್ದ ಹಾಗೆ. ನಿಮ್ಮ ಕಾಲದ ಬೆಂಚುಗಳೆಲ್ಲ ಹೀಗೇ ಹೋಗಿ, ಈಗ ಬಾವಿಕಟ್ಟಿಯಲ್ಲಿ ಉಳಿದಿರುವುದು ಬೇವಿನ ಮರದ ಕೆಳಗಿನ ಒಂದು ಕಲ್ಲು ಬೆಂಚು. ನನ್ನ ಮೊಣಕಾಲು ಹೋದ ಮೇಲೆ ನಾನು ಹೊರಗಿನ ಗಾಳಿ ಕುಡಿಯುವುದು ಆ ಬೆಂಚಿನ ದಯೆಯಿಂದ. ಅದು ಹೋದರೆ ನನಗೆ ಮನೆಯ ನಾಲ್ಕು ಗೋಡೆಯೇ ಗತಿ.

ಆ ಬೆಂಚಿನ ಒಂದು ತುದಿಯಲ್ಲಿ ದಿನಾ ಸಂಜೆ ನೀಲಿ ಚೌಕಡಿಯ ಒಂದು ಟವೆಲ್ ಬಿದ್ದಿರುತ್ತಿತ್ತು. ಅದು ಫಕೀರಸಾಬ ನದಾಫ ಎಂಬ ಗಾದಿ ಹೊಲಿಯುವ ಮುದುಕನದು. ಅವನು ಟವೆಲ್ಲನ್ನು ಅಲ್ಲಿ ಬಿಟ್ಟು, ತಾನು ದೂರದಲ್ಲಿ ಕೈ ಹಿಂದೆ ಕಟ್ಟಿಕೊಂಡು ಏನೂ ಅರಿಯದವನಂತೆ ಅಡ್ಡಾಡುತ್ತಿದ್ದ. ಕುಂಟುತ್ತ ನಾನು ದಾರಿಯ ತಿರುವಿನಲ್ಲಿ ಕಾಣಿಸಿದ್ದೇ ತಡ, ದಡದಡನೆ ಬಂದು ಅದನ್ನು ಎತ್ತಿ, ಝಾಡಿಸಿ, ಹೆಗಲ ಮೇಲೆ ಹಾಕಿಕೊಂಡು ಮರೆಯಾಗುತ್ತಿದ್ದ. ನಾನು ಆ ಜಾಗದಲ್ಲಿ ಕುಳಿತು ಯೋಚಿಸುತ್ತಿದ್ದೆ. ತಪ್ಪಿಲ್ಲದವನು ತಪಾಸಕಿಯನ್ನು ಕಂಡು ಓಡುತ್ತಾನೆಯೆ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಇದೇ ಅಲ್ಲವೆ? ಟವೆಲ್ಲಿನ ಅಡಿಯಲ್ಲಿ ಏನೋ ಮುಚ್ಚಿಡುತ್ತಾನೆಂದುಕೊಂಡೆ. ಆಮೇಲೆ, ಮಾಟ ಮಾಡಿಸಿರಬೇಕೆಂದು ಬೆಂಚಿಗೆ ಉಪ್ಪು ನಿವಾಳಿಸಿದೆ. ಕೊನೆಗೆ, ಬೆಂಚು ಕೀಳಿಸುವುದೇ ಅವನ ಹಂಚಿಕೆಯೆಂದು ಖಾತ್ರಿಯಾಯಿತು. ಬೆಂಚು ಉಳಿಯಬೇಕಾದರೆ ಅವನನ್ನು ದೂರ ಇಡಬೇಕು ಎಂದು ಅವನ ಹೆಸರಿನಲ್ಲಿ ದೂರು ಕೊಟ್ಟೆ. ಮನುಷ್ಯನ ಮೇಲೆ ಕೊಟ್ಟ ದೂರಿನ ಜೊತೆಗೆ ಬೆಂಚೂ ಕಟಕಟೆ ಹತ್ತುತ್ತದೆಂದು ನನಗೆ ಯಾರೂ ಹೇಳಲಿಲ್ಲ. ಬೇಕೆಂದೇ ಹೇಳಲಿಲ್ಲವೆಂದು ಈಗಲೂ ನನ್ನ ಅನುಮಾನ.

ವಿಚಾರಣೆಯಲ್ಲಿ ನಮ್ಮ ಕಾಲದ ಉದ್ಯಾನ ಸಮಿತಿಯ ಅಧ್ಯಕ್ಷೆ ಟವೆಲ್ಲನ್ನು ಯಾಕೆ ಬಿಟ್ಟೆಯೆಂದು ಕೇಳಿದರು. ಫಕೀರಸಾಬ ಹೇಳಿದ್ದನ್ನು ಅವನ ಬಾಯಿಂದ ಬಂದ ಹಾಗೆಯೇ ಬರೆಯುತ್ತೇನೆ.

“ಬಿಟ್ಟಿಲ್ರೀ, ಜಾಗಾ ಹಿಡಿದಿದ್ದೆ. ನಮ್ಮ ಮನ್ಯಾಗಿನ ಹಳೀ ಮಂದಿ ಹೇಳ್ತಿದ್ರು. ಮೊದಲಿನ ಕಾಲದಾಗ ಬಸ್ಸಿನ ಕಿಡಕ್ಯಾಗಿಂದ ಟವೆಲ್ ಒಗದು ಸೀಟ್ ಹಿಡೀತಿದ್ರಂತ. ಟವೆಲ್ ಐತಿ ಅಂದ್ರ ಮನಷ್ಯಾ ಬರ್ತಾನ ಅಂತ ಅರ್ಥ. ಮತ್ಯಾರೂ ಅಲ್ಲಿ ಕುಂದರತಿರಲಿಲ್ಲಂತ.”

ಸಮಿತಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಮ್ಮ ಬಸ್ಸಿನಲ್ಲಿ ಹತ್ತುವ ಮೊದಲೇ ಸೀಟಿನ ಅಂಕೆ ಅಂಗೈಯಲ್ಲಿ ಮೂಡುತ್ತದೆ; ಸೀಟು ಹಿಡಿಯುವುದೆಂದರೆ ಏನೆಂದು ನಮ್ಮಲ್ಲಿ ಯಾರಿಗೂ ತಿಳಿಯದು. ಯಾರಿಗಾಗಿ ಹಿಡಿದೆಯೆಂದು ಅಧ್ಯಕ್ಷೆ ಕೇಳಿದರು. ಅವನು ನನ್ನ ಕಡೆ ಕೈ ಮಾಡಿದ.

“ಈ ಅಕ್ಕಾರಿಗೇ ರೀ. ಮೊಣಕಾಲ ನೋವೈತಿ, ಸಾವಕಾಶ ಬರ್ತಾರ. ಬರೂದ್ರಾಗ ಬೆಂಚ್ ತುಂಬಿಬಿಡತೈತಿ.”

ನಾನು ನಂಬಲಿಲ್ಲ. ಸಿಕ್ಕಿಬಿದ್ದವರು ಹೀಗೆಯೇ ಬೆಣ್ಣೆಯಂಥ ಮಾತಾಡುತ್ತಾರೆ. ಅವನಿಗೂ ನನಗೂ ನೆಂಟಸ್ತಿಕೆಯಿಲ್ಲ, ಒಂದು ದಿನ ಮಾತಾಡಿದ್ದೂ ಇಲ್ಲ. ಸಮಿತಿಯೂ ನಂಬಲಿಲ್ಲ. ನಮ್ಮ ಎಲ್ಲ ಕಾನೂನಿಗೂ ನೀವು ಈಗ ಬರೆಯುತ್ತಿರುವ ಉದ್ಯಾನದ ನಿಯಮಗಳೇ ಬೇರು. ಅವುಗಳ ಫಲಕ ಇಂದಿಗೂ ಉದ್ಯಾನದ ಬಾಗಿಲಲ್ಲಿದೆ; ಅದರಲ್ಲಿ ಟವೆಲ್ಲಿನ ಮಾತಿಲ್ಲ. ಬರುವ ಸೋಮವಾರದೊಳಗೆ ಆಧಾರ ಸಿಗದಿದ್ದರೆ ಬೆಂಚು ಕೀಳುತ್ತಾರೆ, ಫಕೀರಸಾಬ ಮತ್ತೆಂದೂ ಉದ್ಯಾನಕ್ಕೆ ಕಾಲಿಡುವಂತಿಲ್ಲ. ಅಲ್ಲಿಯವರೆಗೂ ಅವನು ಬಾಗಿಲ ಹೊರಗೇ ಇರಬೇಕು. ದೂರನ್ನು ಹಿಂದಕ್ಕೆ ಪಡೆಯುವ ಪದ್ಧತಿ ನಮ್ಮಲ್ಲಿಲ್ಲ. ಸಾಕ್ಷಿಯಾದ ಟವೆಲ್ಲನ್ನು, ದೂರು ಕೊಟ್ಟವಳೆಂದು, ನನ್ನ ಕೈಗೇ ಕೊಟ್ಟು ಕಳಿಸಿದರು.

ನಿನ್ನೆ ಸಂಜೆ ಎಂದಿನಂತೆ ಹೋದೆ. ಬೆಂಚು ತುಂಬಿತ್ತು. ಇಷ್ಟು ವರ್ಷದಲ್ಲಿ ಒಂದು ದಿನವೂ ಹಾಗಾಗಿರಲಿಲ್ಲ. ನನಗೆ ಯಾವಾಗಲೂ ಜಾಗ ಸಿಗುತ್ತಿತ್ತು, ಅದು ನನ್ನ ದೈವವೆಂದುಕೊಂಡಿದ್ದೆ. ಯಾರೂ ಏಳಲಿಲ್ಲ, ಏಳಬೇಕೆಂದು ಯಾವ ನಿಯಮವೂ ಇಲ್ಲ. ಬೇವಿನ ಕಾಂಡ ಹಿಡಿದುಕೊಂಡು ನಿಂತೆ. ಬಾಗಿಲ ಸರಳುಗಳ ಆಚೆ ಫಕೀರಸಾಬ ನಿಂತಿದ್ದ. ನನ್ನನ್ನು ನೋಡಲಾರದೆ ಮುಖ ತಿರುಗಿಸಿಕೊಂಡ. ನನಗೆ ಬಹಳ ನಾಚಿಕೆಯಾಯಿತು. ಮನೆಗೆ ಬರುವ ದಾರಿಯುದ್ದಕ್ಕೂ ಅತ್ತೆ.

ಆದರೂ ಹಿರಿಯರೆ, ಅಳು ಬಂದಿತೆಂದು ಗುಮಾನಿ ಹೋಗುವುದಿಲ್ಲ. ನಿಮ್ಮನ್ನೇ ಕೇಳುತ್ತೇನೆ, ಸುಳ್ಳು ಹೇಳಬೇಡಿ. ಒಂದು ತುಂಡು ಬಟ್ಟೆಗೆ ನೀವು ನಿಜಕ್ಕೂ ಮರ್ಯಾದೆ ಕೊಡುತ್ತಿದ್ದಿರೆ? ನೀವು ಕೂಗಾಡುವವರು, ನುಗ್ಗುವವರು, ಕಂಡಲ್ಲಿ ಉಗುಳುವವರು ಎಂದು ಓದಿದ್ದೇನೆ. ಅಂಥವರು ಯಾರದೋ ಟವೆಲ್ಲನ್ನು ಕಂಡು, ಕಾಣದ ಮನುಷ್ಯನೊಬ್ಬನಿಗಾಗಿ ಬಿಸಿಲಲ್ಲಿ ನಿಂತಿರುತ್ತಿದ್ದಿರೆ? ಜಗಳವನ್ನಂತೂ ಆಡಿರುತ್ತೀರಿ, ಅದು ಬೇರೆ ಮಾತು. ಹೌದಾದರೆ, ನಿಯಮಗಳ ಫಲಕಕ್ಕೆ ಬಣ್ಣ ಬಳಿಯುವ ಮೊದಲು ಒಂದು ಸಾಲು ಸೇರಿಸಿ. ಬೆಂಚಿನ ಮೇಲೆ ಹಾಸಿದ ಟವೆಲ್ ಕಸವಲ್ಲ, ಯಾರೋ ಬರುವವರಿದ್ದಾರೆ ಎಂದು. ಕಸದ ಬಗ್ಗೆ ಎಷ್ಟು ಬೇಕಾದರೂ ಕಟುವಾಗಿ ಬರೆಯಿರಿ, ದಾರಿಗೆ ಅಡ್ಡ ಗಾಡಿ ನಿಲ್ಲಿಸುವವರನ್ನು ಬೈಯಿರಿ, ನನ್ನ ಒಪ್ಪಿಗೆಯಿದೆ. ಈ ಸಾಲನ್ನು ಮಾತ್ರ ಮರೆಯಬೇಡಿ. ಇದು ಎಲ್ಲರಿಗೂ ಗೊತ್ತಿರುವುದೇ, ಬರೆಯುವುದೇಕೆ ಎಂದು ನೀವು ನಗುತ್ತೀರಿ. ಎಲ್ಲರಿಗೂ ಗೊತ್ತಿರುವುದೇ ಮೊದಲು ಮರೆತುಹೋಗುತ್ತದೆ.

ಈ ಕಾಗದವನ್ನು ಆ ಬೆಂಚಿನ ಮೇಲೆ ಕುಳಿತೇ ಬರೆಯುತ್ತಿದ್ದೇನೆ. ಇವತ್ತು ಬಿಸಿಲಿಳಿಯುವ ಮೊದಲೇ ಬಂದು ಒಂದು ತುದಿ ಹಿಡಿದೆ. ಇನ್ನೊಂದು ತುದಿಯಲ್ಲಿ, ನನ್ನ ಕೈಗೆಟುಕದಷ್ಟು ದೂರದಲ್ಲಿ, ಸಾಕ್ಷಿಯ ಟವೆಲ್ಲನ್ನು ಮಡಿಕೆ ಬಿಚ್ಚಿ ಹಾಸಿದ್ದೇನೆ. ಈಗಷ್ಟೇ ಒಬ್ಬ ಹೆಂಗಸು ಬೆವರೊರೆಸಿಕೊಳ್ಳುತ್ತ ಬಂದು, ಟವೆಲ್ಲನ್ನೂ ನನ್ನನ್ನೂ ನೋಡಿ, “ಇದ್ಯಾರದ್ರೀ?” ಎಂದು ಕೇಳಿದಳು. ಅಭ್ಯಾಸಬಲದಿಂದ ಮೊದಲು ಅವಳ ಬಾಯಿಯನ್ನೇ ನೋಡಿದೆ. ಆಮೇಲೆ ಹೇಳಿದೆ, “ಬರಾವರು ಒಬ್ರದಾರವ್ವಾ.” ಅವಳಿಗೆ ಏನು ತಿಳಿಯಿತೋ ಕಾಣೆ, ಟವೆಲ್ಲನ್ನು ಮುಟ್ಟದೆ ಮರದ ನೆರಳಿಗೆ ಸರಿದು ನಿಂತಳು.

ಬೆಂಚಿನ ಕೆಳಗೆ ನೆಲಗಣ್ಣು ಕೆಂಪಾಗಿದೆ. ಬಾಗಿಲಾಚೆಯಿಂದ ಫಕೀರಸಾಬ ಎತ್ತಿಕೊಳ್ಳಿರೆಂದು ಗಾಬರಿಯಿಂದ ಕೈಸನ್ನೆ ಮಾಡುತ್ತಿದ್ದಾನೆ. ನಾನು ಎತ್ತುವುದಿಲ್ಲ.

ಇಂತು ನಿಮ್ಮ ಉತ್ತರವನ್ನು ಸೋಮವಾರ ಫಲಕದಲ್ಲಿ ಹುಡುಕಲಿರುವ,
ನೀಲಾಂಬಿಕಾ ಅಕ್ಕಿವಳ್ಳಿ