ತಪ್ಪು ಮದ್ರಾಸಿನ ಬಿಸಿಲಿನದಲ್ಲ

ರೀ,

ನಿನ್ನೆ ರಾತ್ರಿ ಕರೆಂಟು ಹೋದಾಗ ಸೋಲಾರ್ ಬ್ಯಾಟರಿ ಒಮ್ಮೆ ಕುಂಯ್ ಎಂದು ಮತ್ತೆ ಕೈಚೆಲ್ಲಿತು. ಅತ್ತೆ ಕತ್ತಲಲ್ಲಿ ಗೋಡೆ ತಡವುತ್ತ ಬಚ್ಚಲಿಗೆ ಹೊರಟು ಬೀಳುವುದರಲ್ಲಿದ್ದರು. ನಾನು ಓಡಿ ಹಿಡಿದೆ, ನೀವು ಗೊರಕೆ ಹೊಡೆಯುತ್ತಿದ್ದಿರಿ.

ಬೆಳಿಗ್ಗೆ ತಾರಸಿಗೆ ಹೋಗಿದ್ದೆ. ಪ್ಯಾನೆಲ್ ಹಾಕಿಸಿದ ಮೇಲೆ ನೀವು ಒಮ್ಮೆಯಾದರೂ ಹತ್ತಿದ್ದೀರಾ? ಸೋಫಾದಲ್ಲಿ ಕೂತೇ ಕೆಳಮನೆಯವರಿಗೆ, "ಐಪ್ಪಸಿ ತಿಂಗಳ ಮಳೆಮೋಡದಲ್ಲಿ ಬಿಸಿಲೆಲ್ಲಿ ಸಾರ್, ಈ ಊರಿಗೆ ಸೋಲಾರ್ ಸರಿಪಡೋಲ್ಲ" ಎಂದು ತೀರ್ಪು ಕೊಟ್ಟಿರಿ. ವರ್ಷವೆಲ್ಲ ಬೆವರು ಒರೆಸಿಕೊಳ್ಳುವವರು ಆಡುವ ಮಾತೇ? ಮಂಜು ಮುಸುಕಿದ ಊರುಗಳಲ್ಲೂ ಮನೆದೀಪಕ್ಕೆ ಸಾಕಾಗುತ್ತದೆ ಎಂದು ಕೊಳ್ಳುವಾಗ ನನಗೆ ಓದಿ ಹೇಳಿದ್ದೂ ನೀವೇ.

ಮೋಡವಲ್ಲ. ಪ್ಯಾನೆಲ್ ಮೇಲೆ ನಿಮ್ಮ ತಾಯಿಯ ಒಂಬತ್ತು ಗಜದ ಮಡಿಸೀರೆ ಹರಡಿತ್ತು. "ಯಾರ ಕೈಯೂ ತಾಗದ ಜಾಗ ಸಿಕ್ತು ಕಣೇ" ಎಂದು ಅವರು ಹಿಗ್ಗಿದ್ದು ಯಾವುದಕ್ಕೆಂದು ಈಗ ತಿಳಿಯಿತು.

ಕೈ ತಾಗಿಸದೆ, ಕೋಲಿನಿಂದಲೇ ಎತ್ತಿ, ಟ್ಯಾಂಕಿನ ಪಕ್ಕ ಹೊಸ ಹಗ್ಗ ಕಟ್ಟಿ ಹಾಕಿದ್ದೇನೆ. ಪ್ಯಾನೆಲ್ ಮೇಲೆ ಕಾಗೆ ಕೂರುತ್ತದೆ ಎಂದು ಅತ್ತೆಗೆ ಹೇಳಿದೆ. ಅಷ್ಟು ಸಾಕು, ಇನ್ನು ಅತ್ತ ಸುಳಿಯುವುದಿಲ್ಲ.

ಪ್ಯಾನೆಲ್ ಬಿಚ್ಚಿಕೊಂಡು ಹೋಗಲು ನೀವು ಕರೆಸಿರುವವನನ್ನು ಬಾಗಿಲಿಂದಲೇ ವಾಪಸು ಕಳುಹಿಸಿಬಿಡಿ. ಹುಳಿ ಒಲೆಯ ಮೇಲಿದೆ, ಬಿಸಿಮಾಡುವಾಗ ಎದುರಿಗೇ ನಿಂತಿರಿ.

ನಿಜ ಗೊತ್ತಾದರೆ ಅತ್ತೆ ತಮ್ಮಿಂದಲೇ ಮನೆ ಕತ್ತಲಾಯಿತೆಂದು ಕೊರಗಿ, ದೀಪವೇ ಬೇಡ ಎನ್ನುತ್ತಾರೆ. ಕೆಳಮನೆಯವರು ಕೇಳಿದರೆ ಮೋಡ ಸರಿಯಿತು ಅನ್ನಿ, ಆಕಾಶವನ್ನು ದೂರಿ ನಿಮಗೆ ಅಭ್ಯಾಸವಿದೆ. ಚೀಟಿ ಓದಿ ಹರಿದುಹಾಕಿ. ನಾನಂತೂ ಯಾರಿಗೂ ಹೇಳುವುದಿಲ್ಲ.

ವೃಂದಾ