ಕಿವಿ ಮುಟ್ಟಿದ್ದು ಹದಿನೇಳು ಸಲ

ಹೊಲಿಗೆ ಅಂಗಡಿ,
ಹದಿನಾಲ್ಕನೇ ತಾರೀಖು, ಶನಿವಾರ ಮಧ್ಯಾಹ್ನ

ಪ್ರೀತಿಯ ಮಗಳೇ,

ಬೆನ್ನುನೋವು ಹೇಗಿದೆ? ಆ ಕ್ರೇನಿನ ಗೂಡಿನಲ್ಲಿ ದಿನಕ್ಕೆ ಎಂಟು ತಾಸು ಕತ್ತು ಬಗ್ಗಿಸಿಕೊಂಡು ಹಡಗಿನ ಹೊಟ್ಟೆಯನ್ನೇ ನೋಡುತ್ತ ಕೂತರೆ ಯಾರ ಬೆನ್ನು ತಾನೇ ನೆಟ್ಟಗಿದ್ದೀತು. ನಾನು ಹೊಲಿದುಕೊಟ್ಟ ದಿಂಬನ್ನು ಸೊಂಟದ ಹಿಂದೆ ಇಟ್ಟುಕೊಳ್ಳುತ್ತಿದ್ದೀಯೋ, ಇಲ್ಲ ಬಂದರಿನ ಗಂಡಸರು ನಕ್ಕಾರು ಎಂದು ಪೆಟ್ಟಿಗೆಯಲ್ಲೇ ಮುಚ್ಚಿಟ್ಟಿದ್ದೀಯೋ? ನಗಲಿ ಬಿಡು. ನಲವತ್ತು ಟನ್ ಎತ್ತಿ ಇಳಿಸುವವಳು ನೀನು, ಅವರಲ್ಲ. ನನ್ನ ಮಂಡಿ ಇದ್ದ ಹಾಗೇ ಇದೆ, ಹೊಸ ದೂರೇನೂ ಇಲ್ಲ. ನಿನ್ನ ಮಗಳು ಗುಂಡಿ ಈಗ ಆರಾಮಾಗಿದ್ದಾಳೆ. 'ಈಗ' ಎಂದು ಬರೆದದ್ದನ್ನು ಕಂಡು ಎದೆ ಹಿಡಿದುಕೊಳ್ಳಬೇಡ, ಮುಂದೆ ಓದು. ಜ್ವರ ಬಿಟ್ಟಿದೆ, ಕಿವಿ ಒಣಗುತ್ತಿದೆ, ನಾನು ಬರೆಯುತ್ತಿರುವ ಈ ಬಟ್ಟೆ ಕತ್ತರಿಸುವ ಮೇಜಿನ ಅಡಿಯಲ್ಲೇ ಕೂತು ಎರಡು ತೂತಿನ ಗುಂಡಿಗಳನ್ನೂ ನಾಲ್ಕು ತೂತಿನ ಗುಂಡಿಗಳನ್ನೂ ಬೇರೆಬೇರೆ ಮಾಡುತ್ತಿದ್ದಾಳೆ. ಹೋದ ವಾರ ಫೋನಿನಲ್ಲಿ ನಿನಗೆ 'ಸ್ವಲ್ಪ ಶೀತ' ಎಂದು ಹೇಳಿದ್ದು ಸುಳ್ಳು. ಕೋಪ ಬಂದಾಗ ನನಗೆ ಫೋನಿನಲ್ಲಿ ಮಾತು ಹೊರಡುವುದಿಲ್ಲ, ತೊದಲುತ್ತೇನೆ. ಅದಕ್ಕೇ ಕಾಗದ. ಈ ಸಲದ ಕೋಪ ಎಷ್ಟಿದೆ ಎಂದರೆ, ನಿನ್ನೆ ಒಬ್ಬರ ಪ್ಯಾಂಟಿನ ಎಡಗಾಲನ್ನು ಎರಡು ಇಂಚು ಗಿಡ್ಡ ಕತ್ತರಿಸಿಬಿಟ್ಟೆ. ಮೂವತ್ತೊಂದು ವರ್ಷದ ಕಸುಬಿನಲ್ಲಿ ಇದು ಮೊದಲನೆಯದು.

ನೀನು ಬಂದರಿಗೆ ಹೊರಡುವುದಕ್ಕೆ ಒಂದು ತಿಂಗಳು ಮುಂಚೆ ನಾವಿಬ್ಬರೂ ಕೈ ಹಿಡಿದು ಅವಳನ್ನು ಆ ಕೇಂದ್ರಕ್ಕೆ ಸೇರಿಸಿದೆವಲ್ಲ, ಆಟಿಸಂ ಇರುವ ಮಕ್ಕಳನ್ನು 'ಎಲ್ಲರ ಹಾಗೆ' ಮಾಡಿಕೊಡುತ್ತೇವೆ ಎಂದ ಕೇಂದ್ರಕ್ಕೆ, ಆಗ ನನಗೂ ನಿನ್ನಷ್ಟೇ ಆಸೆಯಿತ್ತು. ಹತ್ತು ವರ್ಷದ ಹುಡುಗಿ, ದಿನಕ್ಕೆ ಇಪ್ಪತ್ತು ಮಾತು ಆಡಿದರೆ ಹೆಚ್ಚು, ಯಾರಾದರೂ ಕಲಿಸಿದರೆ ಬೇಡವೆನ್ನುವುದೇ? ಸೋಮವಾರ, ಬುಧವಾರ, ಶುಕ್ರವಾರ ಶಾಲೆ ಬಿಟ್ಟ ಮೇಲೆ ಎರಡು ಗಂಟೆ. ಕಣ್ಣಿಗೆ ಕಣ್ಣಿಟ್ಟು ನೋಡಿದರೆ ಒಂದು ನಕ್ಷತ್ರ. ಕೈ ಅಲ್ಲಾಡಿಸದೆ ಕೂತರೆ ಒಂದು ನಕ್ಷತ್ರ. 'ಹೇಗಿದ್ದೀಯಾ?' ಎಂದು ಕೇಳಿದ ತಕ್ಷಣ 'ನಾನು ಚೆನ್ನಾಗಿದ್ದೇನೆ' ಎಂದರೆ ಇನ್ನೊಂದು. ಐದು ನಕ್ಷತ್ರವಾದರೆ, ನಾನು ಜೊತೆಗೆ ಕಳಿಸುತ್ತಿದ್ದ ಅವಳದೇ ಗುಂಡಿ ಡಬ್ಬಿಯನ್ನು ಅವಳಿಗೇ ಹತ್ತು ನಿಮಿಷ ಕೊಡುತ್ತಿದ್ದರು. ಮನೆಯಲ್ಲೂ ಇದನ್ನೇ ಪಾಲಿಸಬೇಕು, ಇಷ್ಟವಾದದ್ದೆಲ್ಲ ದೊಡ್ಡವರ ಕೈಯಲ್ಲೇ ಇರಬೇಕು ಎಂದು ಕೇಂದ್ರದ ಮೇಡಂ ಹೇಳಿದ್ದಕ್ಕೆ ನಾನು ಆ ಡಬ್ಬಿಯನ್ನು ಲೈನಿಂಗ್ ಬಟ್ಟೆಯ ಕಪಾಟಿನ ಮೇಲೆ, ಅವಳಿಗೆ ಎಟುಕದ ಕಡೆ ಇಟ್ಟೆ. ನಾಲ್ಕು ತಿಂಗಳು ಇಟ್ಟೆ. ನಮ್ಮದೇ ಅಂಗಡಿಯ ಗುಂಡಿಗಳಿಗೆ ನಮ್ಮದೇ ಮಗು ಕತ್ತೆತ್ತಿ ಕಾಯುತ್ತ ನಿಲ್ಲುತ್ತಿತ್ತು, ನಾನು ಅದನ್ನು ಶಿಸ್ತು ಎಂದುಕೊಂಡೆ. 'ನಾನು ಚೆನ್ನಾಗಿದ್ದೇನೆ' ಎಂದು ಗಿರಾಕಿಗಳಿಗೆಲ್ಲ ಅವಳು ಹೇಳತೊಡಗಿದಾಗಂತೂ ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ. ನಿನಗೂ ಫೋನಿನಲ್ಲಿ ಹೇಳಿಸಿದ್ದೆನಲ್ಲ, ನೀನು ಅತ್ತುಬಿಟ್ಟೆ.

ಈಗ ಮೂರು ವಾರದ ಹಿಂದಿನ ಮಾತಿಗೆ ಬರುತ್ತೇನೆ. ಸೋಮವಾರ ಬೆಳಗ್ಗೆ ಶಾಲೆಗೆ ಹೊರಡುವಾಗ ಬಲಗಿವಿಯ ಮೇಲೆ ಅಂಗೈ ಒತ್ತಿಕೊಂಡು ನಿಂತಿದ್ದಳು. ಮಿಷನ್ನಿನ ಸದ್ದಿಗೆ ಇರಬೇಕು ಎಂದುಕೊಂಡು ಮೇಡಂ ಕಲಿಸಿಕೊಟ್ಟ ಹಾಗೇ 'ಕೈ ಕೆಳಗೆ' ಎಂದೆ. ಇಳಿಸಿದಳು. ಮಂಗಳವಾರ ಬ್ರೆಡ್ಡು ಮುಟ್ಟಲಿಲ್ಲ. 'ಏನಾಯ್ತು ಪುಟ್ಟಾ, ಹೇಗಿದ್ದೀಯಾ?' ಎಂದೆ. 'ನಾನು ಚೆನ್ನಾಗಿದ್ದೇನೆ' ಎಂದಳು. ಬುಧವಾರ ಕೇಂದ್ರಕ್ಕೆ ಹೋಗಿ ಬಂದಳು, ಬಂದವಳೇ ಗೋಡೆಗೆ ಕಿವಿಯಾನಿಸಿ ಕೂತಳು. ಗುರುವಾರ ಮೈ ಬೆಚ್ಚಗಿತ್ತು. ಬಿಸಿಲಿನಲ್ಲಿ ನಡೆದು ಬಂದದ್ದಕ್ಕೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ, ಯಾಕೆಂದರೆ ಮತ್ತೆ ಕೇಳಿದಾಗಲೂ ಅದೇ ಉತ್ತರ, ಅದೇ ರಾಗ, ಚೆನ್ನಾಗಿದ್ದೇನೆ. ಶುಕ್ರವಾರ ಬೆಳಗ್ಗೆ ಎಬ್ಬಿಸಲು ಹೋದರೆ ದಿಂಬಿನ ಮೇಲೆ ಕೀವು, ಅದರಲ್ಲಿ ರಕ್ತದ ಎಳೆ. ಅವಳು ಕಣ್ಣು ಬಿಟ್ಟು ಚಾವಣಿ ನೋಡುತ್ತ ಮಲಗಿದ್ದಳು. ಎರಡು ಕೈಗಳೂ ತೊಡೆಯ ಪಕ್ಕ ನೆಟ್ಟಗೆ, ಕೆಳಗೆ.

ಕಿವಿಯ ಡಾಕ್ಟರ ಬಳಿ ಹೇಗೆ ಹೋದೆನೋ ನೆನಪಿಲ್ಲ, ಕಾಲಿಗೆ ಬೇರೆಬೇರೆ ಚಪ್ಪಲಿ ಹಾಕಿಕೊಂಡಿದ್ದೆ ಎನ್ನುವುದು ಅಲ್ಲಿ ಕೂತ ಮೇಲೆ ತಿಳಿಯಿತು. ಗಿಡ್ಡನೆಯ ಹೆಂಗಸು, ತಲೆಗೂದಲಲ್ಲಿ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದರು. ನನ್ನನ್ನು ಕೇಳಲಿಲ್ಲ, ಅವಳನ್ನೇ ಕೇಳಿದರು: 'ನಿನ್ನ ಕಿವಿ ನೋಡಬಹುದಾ?' ಇವಳ ಕಣ್ಣಿನಿಂದ ನೀರು ಹರಿಯುತ್ತಿದೆ, ಬಾಯಿ ಹೇಳುತ್ತಿದೆ, 'ನಾನು ಚೆನ್ನಾಗಿದ್ದೇನೆ.' ನಾನು ತಲೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಲು ಹೋದೆ. ಡಾಕ್ಟರು, 'ಬಿಡಿ ಅಮ್ಮಾ, ಹಿಡೀಬೇಡಿ. ನಮಗೇನು ರೈಲು ತಪ್ಪಿಹೋಗಲ್ಲ' ಎಂದರು. ಹೊರಗೆ ಬೆಂಚಿನ ತುಂಬ ಜನ ಕಾಯುತ್ತಿದ್ದರು, ಆದರೂ ಹಾಗೆಂದರು. ಕಿವಿ ನೋಡುವ ದೀಪವನ್ನು ಗುಂಡಿಯ ಕೈಗೇ ಕೊಟ್ಟು ಮೊದಲು ತಮ್ಮ ಕಿವಿ ತೋರಿಸಿದರು. ಆಮೇಲೆ ಚೀಟಿಯ ಹಿಂದೆ ಒಂದು ಮುಖ ಬರೆದು, ಪೆನ್ಸಿಲನ್ನು ಮೇಜಿನ ಮೇಲಿಟ್ಟು ಸುಮ್ಮನೆ ಕೂತರು. ಎಷ್ಟೋ ಹೊತ್ತಿನ ಮೇಲೆ ಇವಳು ಆ ಮುಖದ ಕಿವಿಯ ಮೇಲೆ ಒಂದು ಚುಕ್ಕಿ ಒತ್ತಿದಳು. ಒತ್ತಿದ ರಭಸಕ್ಕೆ ಕಾಗದ ತೂತಾಯಿತು. ಆಮೇಲೆ ತಾನಾಗಿಯೇ ತಲೆ ತಿರುಗಿಸಿದಳು. ಕಿವಿಯ ತಮಟೆ ಒಡೆದಿತ್ತು ಮಗಳೇ. 'ಇದು ನಾಲ್ಕೈದು ದಿನದ ನೋವು, ದೊಡ್ಡವರಾಗಿದ್ರೆ ಕಿರುಚಾಡಿಬಿಡ್ತಿದ್ರು. ಮಗು ಏನೂ ಸೂಚನೆ ಕೊಡಲಿಲ್ವಾ?' ಎಂದು ಡಾಕ್ಟರು ನನ್ನನ್ನು ಕೇಳುತ್ತಿದ್ದಾಗ ಗುಂಡಿ ನಡುವೆ ಬಾಯಿ ಹಾಕಿ ಮೆಲ್ಲಗೆ, 'ಕೈ ಕೆಳಗೆ' ಎಂದಳು. ಡಾಕ್ಟರಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಸೋಮವಾರ ಅವಳನ್ನು ಪಕ್ಕದ ಮನೆಯ ಗಡಿಯಾರ ರಿಪೇರಿಯವನ ಹೆಂಡತಿಯ ಬಳಿ ಬಿಟ್ಟು ಕೇಂದ್ರಕ್ಕೆ ಹೋದೆ. ಮೇಡಂ ಕೆಟ್ಟವರಲ್ಲ, ಅದೇ ನನ್ನ ಸಿಟ್ಟನ್ನು ಇನ್ನೂ ಹೆಚ್ಚಿಸುತ್ತದೆ. ಮೆತ್ತನೆಯ ದನಿ, ಮಕ್ಕಳ ಮೂಗು ತಾವೇ ಒರೆಸುತ್ತಾರೆ. ನನ್ನ ಮಾತು ಕೇಳಿ ನಿಜವಾಗಿಯೂ ನೊಂದುಕೊಂಡರು. ಆದರೆ 'ಇಲ್ಲಿ ಎಲ್ಲಾ ಸರಿಯಾಗೇ ಇತ್ತಲ್ಲ ಅಮ್ಮಾ, ಬೇಕಾದ್ರೆ ನೀವೇ ನೋಡಿ' ಎಂದು ರಿಜಿಸ್ಟರು ತೆಗೆದು ಮುಂದಿಟ್ಟರು. ಹೆಮ್ಮೆಯಿಂದಲೇ ಇಟ್ಟರು. ನಾನು ಕನ್ನಡಕ ಹಾಕಿಕೊಂಡು ಓದಿದೆ. ಓದಿದ್ದನ್ನು ಅಕ್ಷರ ಬಿಡದೆ ನಿನಗೆ ಇಳಿಸುತ್ತೇನೆ. 'ಸೋಮವಾರ: ಕಿವಿ ಮುಟ್ಟುವ ಅಭ್ಯಾಸ, ಹದಿನೇಳು ಸಲ. ಪ್ರತಿ ಸಲವೂ ಕೈ ಇಳಿಸಲಾಯಿತು. ಬುಧವಾರ: ಕಿವಿ ಮುಟ್ಟುವ ಅಭ್ಯಾಸ, ಮೂರು ಸಲ. ಉತ್ತಮ ಪ್ರಗತಿ. ಎರಡು ನಕ್ಷತ್ರ.'

ತಮಟೆಯ ಹಿಂದೆ ಕೀವು ತುಂಬಿಕೊಳ್ಳುತ್ತ ಹೋಗಿದೆ, ರಿಜಿಸ್ಟರಿನಲ್ಲಿ ಮಗು ಒಳ್ಳೆಯದಾಗುತ್ತ ಹೋಗಿದೆ.

'ಹದಿನೇಳು ಸಲ ಎಣಿಸಿದ್ದೀರಲ್ಲ, ಒಂದು ಸಲ ಯಾಕೆ ಅಂತ ಕೇಳಬಾರದಿತ್ತಾ?' ಎಂದೆ. ಮೇಡಂ ತೀರಾ ಪ್ರಾಮಾಣಿಕವಾಗಿ ಹೇಳಿದರು: 'ಯಾಕೆ ಅಂತ ನಾವು ಕೇಳಲ್ಲ ಅಮ್ಮಾ. ಎಷ್ಟು ಸಲ ಅಂತ ಬರೀತೀವಿ, ಕಡಿಮೆ ಮಾಡ್ತೀವಿ. ಪದ್ಧತಿ ಇರೋದೇ ಹಾಗೆ. ಎಲ್ಲಾ ಅವಳ ಒಳ್ಳೇದಕ್ಕೇ.' ನನಗೆ ಆ ಹೊತ್ತಿಗೆ ಎಲ್ಲಿಂದಲೋ ಮಾತು ಬಂತು, ತೊದಲಲೂ ಇಲ್ಲ. 'ನೋಡಿ ಮೇಡಂ, ಕಂಕುಳಲ್ಲಿ ಬಿಗಿಯಾಗತ್ತೆ ಅಂತ ಗಿರಾಕಿ ಹೇಳಿದ್ರೆ ನಾನು ಹೊಲಿಗೆ ಬಿಚ್ತೀನಿ. ಗಿರಾಕಿ ಬಾಯಿ ಹೊಲಿಯಲ್ಲ' ಎಂದೆ. ಎದ್ದು ನಿಂತೆ. ಅವಳ ರಿಜಿಸ್ಟರಿನ ಎಲ್ಲ ಪುಟಗಳ ನಕಲು ಕೊಡುವವರೆಗೆ ಕುರ್ಚಿಯ ಹಿಂದೆ ಹಾಗೇ ನಿಂತಿದ್ದೆ. ಒಂದು ಗಂಟೆ ಹತ್ತು ನಿಮಿಷ, ಈ ಮಂಡಿಯಲ್ಲಿ.

ನಕಲನ್ನು ಅಂಗಡಿಯಲ್ಲಿ ಓದುತ್ತಿದ್ದಾಗ ಸಮವಸ್ತ್ರದ ಅಳತೆ ಕೊಡಲು ಒಬ್ಬ ಬಸ್ ಡ್ರೈವರ್ ಬಂದ. ಅವನ ಮಗಳೂ ಅಲ್ಲಿಗೇ ಹೋಗುತ್ತಾಳೆ. ನಾನು ಓದಿ ಹೇಳಿದ್ದನ್ನು ಕೇಳಿಸಿಕೊಂಡು ಅಳತೆಯನ್ನೂ ಕೊಡದೆ ಹೊರಟುಹೋದ. ಮಾರನೇ ದಿನ ತನ್ನ ಮಗಳ ಪುಟಗಳನ್ನು ಹಿಡಿದುಕೊಂಡು ಬಂದ. ಅದರಲ್ಲಿ 'ತಟ್ಟೆ ದೂಡುವ ಅಭ್ಯಾಸ' ಎಂದು ಎರಡು ತಿಂಗಳು ಬರೆದಿದೆ. ಆ ಮಗುವಿನ ದವಡೆ ಹಲ್ಲು ಬೇರಿನವರೆಗೆ ಹುಳುಕಾಗಿತ್ತಂತೆ, ಹೋದ ತಿಂಗಳು ಕೀಳಿಸಿದ್ದಾರೆ. 'ನಾನೂ ದಿನಾ ತಟ್ಟೆ ಮುಂದಕ್ಕೆ ತಳ್ಳಿ ತಿನ್ನು ತಿನ್ನು ಅಂತಿದ್ದೆ ಅಮ್ಮಾ' ಎಂದು ಅಷ್ಟು ದೊಡ್ಡ ಆಳು ನನ್ನ ಸ್ಟೂಲಿನ ಮೇಲೆ ಮುದುಡಿ ಕೂತ. ಅವನೂ ನಾನೂ ಸೇರಿ ಕೇಂದ್ರದ ಮಕ್ಕಳ ಮನೆಮನೆಗೆ ಹೋದೆವು. ಕೆಲವರು ಬಾಗಿಲಲ್ಲೇ ಕೈ ಮುಗಿದರು, ಇರುವ ಒಂದು ಸೀಟೂ ಹೋದೀತು ಎಂಬ ಭಯ. ಅವರನ್ನು ಬೈಯಲಾರೆ, ಆ ಭಯದಲ್ಲೇ ನಾವೂ ನಾಲ್ಕು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆವು. ಏಳು ಮನೆಯವರು ಬಂದರು. ಕೇಂದ್ರದ ಮುಖ್ಯಸ್ಥರ ಎದುರು ನಾನೇ ಪುಟ ಓದಿದೆ. ಅವರು 'ಪರಿಶೀಲಿಸುತ್ತೇವೆ' ಎಂದು ಗಂಟಲು ಸರಿಮಾಡಿಕೊಂಡರು. ಅಂದಿನಿಂದ ಒಂದು ಬದಲಾಗಿದೆಯಂತೆ, ಹೊಸ ಅಭ್ಯಾಸ ಕಂಡರೆ ಮೊದಲು ಡಾಕ್ಟರಿಗೆ ತೋರಿಸಿ ಎಂದು ಮನೆಗೆ ಚೀಟಿ ಕಳಿಸುತ್ತಾರೆ. ಕಿವಿ ಒಡೆದ ಮೇಲೆ ಬಂದ ಬುದ್ಧಿ. ನಕ್ಷತ್ರ ಮಾತ್ರ ಹಾಗೇ ನಡೆದಿದೆ. ನಾವೂ ಡ್ರೈವರನೂ ಮಕ್ಕಳನ್ನು ಬಿಡಿಸುವುದೆಂದು ತೀರ್ಮಾನಿಸಿದ್ದೇವೆ. ಇದರ ಜೊತೆ ಫಾರಂ ಇಟ್ಟಿದ್ದೇನೆ, ತಾಯಿಯ ಸಹಿಯೇ ಬೇಕಂತೆ. ನೀನು ಹೇಳುವುದು ಗೊತ್ತು, 'ಅಮ್ಮಾ, ಅಷ್ಟು ಕಷ್ಟಪಟ್ಟು ಸಿಕ್ಕಿದ ಸೀಟು' ಎನ್ನುತ್ತೀಯ. ಆ ಮಾತನ್ನು ದಿಂಬಿನ ಮೇಲಿನ ಕಲೆ ನೋಡಿ ಹೇಳು. ಗವುಸನ್ನು ನಾನು ಒಗೆದಿಲ್ಲ.

ಡಾಕ್ಟರೇ ಹೇಳಿ ಕಳಿಸಿದ ಒಬ್ಬ ಮಾತಿನ ಟೀಚರ್ ಈಗ ಮಂಗಳವಾರ ಅಂಗಡಿಗೇ ಬರುತ್ತಾಳೆ. ಚಿತ್ರಗಳ ಹಲಗೆ ತಂದಿದ್ದಾಳೆ: ನೋವು, ಜೋರು ಸದ್ದು, ನಿಲ್ಲಿಸು, ಬೇಡ. ಬೇಡ ಎನ್ನುವುದಕ್ಕೆ ಬೆಲೆಯಿದೆ ಎಂದು ತಿಳಿದದ್ದೇ ತಡ, ನಿನ್ನ ಮಗಳು ಒಂಬತ್ತು ದಿನ ಅದನ್ನೇ ಒತ್ತಿದಳು ಕಣೇ. ಸ್ನಾನ ಬೇಡ. ಬಾಚಣಿಗೆ ಬೇಡ. ಮೊಟ್ಟೆಯ ಹಳದಿ ಬೇಡ. ಅಜ್ಜಿಯ ಹಾಡು ಬೇಡ, ಇದಕ್ಕೆ ಮಾತ್ರ ನನಗೆ ಸ್ವಲ್ಪ ಬೇಜಾರಾಯಿತು, ಆದರೆ ನಿಲ್ಲಿಸಿದೆ. ಎಲ್ಲದಕ್ಕೂ ತಲೆಯಾಡಿಸುತ್ತ ಕೂರುತ್ತೇನೆ ಎಂದುಕೊಳ್ಳಬೇಡ. ಕಿವಿಗೆ ಔಷಧ ಹಾಕಲೇಬೇಕು. ಆದರೆ ಕೂತೋ ಮಲಗಿಯೋ, ಬ್ರೆಡ್ಡಿಗೆ ಮುಂಚೆಯೋ ಆಮೇಲೋ, ಹನಿ ಎಣಿಸುವವರು ಯಾರು, ಅದೆಲ್ಲ ಅವಳ ಇಷ್ಟ. ಅವಳೇ ಎಣಿಸುತ್ತಾಳೆ, ಒಂದು ಹನಿ ಹೆಚ್ಚು ಬಿದ್ದರೆ ನನ್ನನ್ನು ಗದರುತ್ತಾಳೆ. ಗುಂಡಿ ಡಬ್ಬಿ ಕೆಳಗಿಳಿದಿದೆ, ಇನ್ನು ಮೇಲೆ ಹತ್ತುವುದಿಲ್ಲ. ಮೊನ್ನೆ ಗುರುವಾರ ನಾನು ಜೀನ್ಸ್ ಬಟ್ಟೆ ಹೊಲಿಯುತ್ತಿದ್ದೆ, ಆ ಬಟ್ಟೆಗೆ ಮಿಷನ್ ಎಷ್ಟು ಗದ್ದಲ ಮಾಡುತ್ತದೆ ನಿನಗೆ ಗೊತ್ತು. ಮೇಜಿನ ಅಡಿಯಿಂದ ಹೊರಬಂದು ನನ್ನ ಪಕ್ಕ ನಿಂತು, ಹಲಗೆಯನ್ನೂ ಮುಟ್ಟದೆ, ಬಾಯಿಬಿಟ್ಟು ಹೇಳಿದಳು: 'ನಾನು ಚೆನ್ನಾಗಿಲ್ಲ.' ನಾನು ಶಭಾಷ್ ಎನ್ನಲಿಲ್ಲ, ಮುದ್ದು ಮಾಡಲಿಲ್ಲ. ಮಿಷನ್ ನಿಲ್ಲಿಸಿದೆ. ಅಷ್ಟೇ ಅವಳಿಗೆ ಬೇಕಾಗಿದ್ದದ್ದು. ವಾಪಸ್ಸು ಹೋಗಿ ಕೂತಳು.

ಹೊತ್ತಿಗೆ ಸರಿಯಾಗಿ ಉಣ್ಣು, ಗಾಳಿ ಜೋರಿದ್ದ ದಿನ ಕ್ರೇನ್ ಹತ್ತಬೇಡ, ಮೇಲಿನವರು ಬೈದರೂ ಹತ್ತಬೇಡ. ಎಲ್ಲೇ ಇರು, ನಿನ್ನ ಮೈ ನಿನ್ನ ಮಾತು ಕೇಳುತ್ತಿರಲಿ, ನಿನ್ನ ಮಾತು ಜನ ಕೇಳುತ್ತಿರಲಿ. ಇದಕ್ಕಿಂತ ದೊಡ್ಡ ಆಶೀರ್ವಾದ ನನ್ನ ಹತ್ತಿರ ಇಲ್ಲ.

ನಿನ್ನ
ಅಮ್ಮ

ತಾ.ಕ.: ಅಂಚೆಯವನು ಆಚೆ ರಸ್ತೆಯಲ್ಲಿದ್ದಾನೆ, ಬೇಗ ಬರೆಯುತ್ತೇನೆ. ಇದನ್ನು ಬರೆಯುವುದೇ ಬೇಡ ಎಂದುಕೊಂಡಿದ್ದೆ. ನೀನು ಹೊರಟ ದಿನ ಬಸ್ ನಿಲ್ದಾಣದಲ್ಲಿ ಅವಳು ಓಡಿಬಂದು ನಿನ್ನನ್ನು ತಬ್ಬಿಕೊಂಡಳಲ್ಲ, ಜನ್ಮದಲ್ಲಿ ಮೊದಲ ಸಲ ಎಂದು ನೀನು ಕಿಟಕಿಯಲ್ಲಿ ಅಳುತ್ತ ಹೋದೆಯಲ್ಲ. ಆ ವಾರದ ಪುಟವೂ ನಕಲಿನಲ್ಲಿದೆ. 'ತಾಯಿ ಹೊರಡುವಾಗ ಅಪ್ಪುಗೆ, ಹತ್ತು ಎಣಿಸುವವರೆಗೆ. ಮೂರು ವಾರದ ಅಭ್ಯಾಸ. ಯಶಸ್ವಿ. ಮೂರು ನಕ್ಷತ್ರ.' ಬೇರೆ ಯಾರ ಬಾಯಲ್ಲೋ ಕೇಳುವುದಕ್ಕಿಂತ ನನ್ನಿಂದಲೇ ತಿಳಿಯಲಿ. ನೀನು ಬಿಟ್ಟುಹೋದ ಕೆಲಸದ ಬೂಟುಗಳನ್ನು ಅವಳು ದಿನಾ ಬೆಳಗ್ಗೆ ಬಾಗಿಲ ಬಳಿ ಜೋಡಿಸಿಡುತ್ತಾಳೆ. ಅದನ್ನು ಯಾರೂ ಕಲಿಸಿಲ್ಲ, ಯಾರೂ ಎಣಿಸಿಲ್ಲ. ಮುಂದಿನ ತಿಂಗಳು ರಜಕ್ಕೆ ಬಂದಾಗ ಬಾಗಿಲಲ್ಲೇ ಕೈ ಚಾಚಬೇಡ. ಮೊದಲು ಕೇಳು. ಬೇಡ ಎಂದರೆ ಸರಿ ಎನ್ನು, ಒಳಗೆ ಬಂದು ಅವಳ ಹತ್ತಿರ ನೆಲದ ಮೇಲೆ ಕೂತುಕೋ. ಅಳು ಬಂದರೆ ಹಿಂದಿನ ಕೋಣೆಗೆ ಹೋಗೋಣ, ನಾನೂ ಬರುತ್ತೇನೆ.