ಕೇಳದೆ ಎತ್ತಿದ ಕೈಗಳು

ಹಿಜರಿ 1632, ಸಫರ್ ತಿಂಗಳ ಹನ್ನೊಂದು
ಕೆಳಓಣಿ, ಬೀದರ್

ನನಗಿಂತ ಆರೇಳು ತಲೆಮಾರು ಮೊದಲು ಬದುಕುತ್ತಿರುವ ಹಿರಿಯರೇ,

ನಿಮ್ಮ ಮೇಲೆ ಶಾಂತಿಯಿರಲಿ. ನಿಮ್ಮ ಲೆಕ್ಕದಲ್ಲಿ ಕ್ರಿ.ಶ. 2205ರ ಈ ತಾರೀಖು ನಿಮ್ಮ ಮನೆಯ ಯಾವ ಕ್ಯಾಲೆಂಡರಿನಲ್ಲೂ ಸಿಗದು. ನನ್ನ ಕೆಲವು ಪದಗಳೂ ನಿಮಗೆ ವಿಚಿತ್ರವೆನಿಸಬಹುದು, ಮನ್ನಿಸಿ. ನಮ್ಮಲ್ಲಿ ಒಬ್ಬೊಬ್ಬರಿಗೆ ಆಯುಷ್ಯದಲ್ಲಿ ಒಂದೇ ಒಂದು ಹಿಂದೋಲೆ ಬರೆಯುವ ಅವಕಾಶವಿದೆ. ಹಿಂದೋಲೆ ಎಂದರೆ ಕಳೆದ ಕಾಲಕ್ಕೆ ಕಳಿಸುವ ಕಾಗದ. ಹೆಚ್ಚಿನವರು ಅದನ್ನು ತೀರಿಹೋದ ತಾಯಿಗೋ ತಂದೆಗೋ ಬರೆಯುತ್ತಾರೆ. ನನ್ನವರಿಗೆ ಮುಖ ತೋರಿಸಲು ನಾಚಿಕೆಯಾಗಿ, ಗುರುತು ಪರಿಚಯವಿಲ್ಲದ ನಿಮಗೆ ಬರೆಯುತ್ತಿದ್ದೇನೆ.

ನನ್ನ ಹೆಸರು ಬುರ್ಹಾನುದ್ದೀನ್. ಇಪ್ಪತ್ತೆರಡು ವರ್ಷ ಕೆಳಓಣಿಯ ಮಸೀದಿಯಲ್ಲಿ ಇಮಾಮನಾಗಿದ್ದೆ. ನಮ್ಮ ಕಾಲದಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಬಿಸಿಲುಬೀಗ ಬೀಳುತ್ತದೆ. ಅಲ್ಲಿಂದ ಸಂಜೆ ಐದರವರೆಗೆ ಯಾರೂ ನೆಲದ ಮೇಲೆ ಓಡಾಡುವಂತಿಲ್ಲ. ಸುಲ್ತಾನರ ಕಾಲದ ಸುರಂಗ ಬಾವಿಗಳನ್ನು ಅಗಲಿಸಿ ನಮ್ಮ ಅಜ್ಜಂದಿರು ಕೆಂಪು ಕಲ್ಲಿನೊಳಗೆ ಓಣಿಗಳನ್ನು ಕೊರೆದರು. ಮನೆ, ಶಾಲೆ, ಮಸೀದಿ ಎಲ್ಲವೂ ಅಲ್ಲೇ. ಉಸಿರುಬಾವಿಗಳೆಂಬ ಉದ್ದನೆಯ ಕೊಳವೆಗಳಿಂದ ಗಾಳಿ ಇಳಿಯುತ್ತದೆ, ಕನ್ನಡಿಗಳಿಂದ ಬೆಳಕು ಬರುತ್ತದೆ. ಹೆಂಗಸರು ಬಿಸಿಲುಬೀಗಕ್ಕೆ ಮೊದಲೇ ಮೇಲೆ ಹೋಗಿ, ಕಾದ ಬಂಡೆಯ ಮೇಲೆ ಜೋಳದ ರೊಟ್ಟಿ ಬೇಯಿಸಿಕೊಂಡು ಬರುತ್ತಾರೆ. ಮಳೆ ತಾನಾಗಿ ಬರುವುದು ಕಡಿಮೆ. ಮೋಡಮನೆಯೆಂಬ ಕಚೇರಿಯವರು ದೂರದ ಮೋಡಗಳನ್ನು ಎಳೆತಂದು ಊರೂರಿಗೆ ಪಾಳಿಯಂತೆ ಸುರಿಸುತ್ತಾರೆ. ಜಗಳವಾಗದಿರಲೆಂದು ಪಾಳಿಯ ದಿನವನ್ನು ಗುಟ್ಟಾಗಿಡುತ್ತಾರೆ.

ಆ ಕಚೇರಿಯಲ್ಲಿ ನನ್ನ ಭಾವಮೈದನಿದ್ದ. ನಾಲ್ಕು ವರ್ಷದ ಹಿಂದೆ, ಬಾವಿಗಳ ತಳ ಕಾಣತೊಡಗಿದಾಗ, ಬೀದರಿನ ಪಾಳಿ ಬರುವ ಸೋಮವಾರ ಮಧ್ಯಾಹ್ನವೆಂದು ಬಾಯಿತಪ್ಪಿ ನನಗೆ ಹೇಳಿಬಿಟ್ಟ. ಆ ದಿನಗಳಲ್ಲಿ ಮಸೀದಿಯ ಸಾಲುಗಳು ಖಾಲಿಯಾಗುತ್ತಿದ್ದವು. ಜನರ ನಂಬಿಕೆ ಉಳಿಸಲು ಇದೊಂದು ದಾರಿ ಎಂದು ನನಗೆ ನಾನೇ ಹೇಳಿಕೊಂಡೆ. ಸೋಮವಾರ ಬೆಳಿಗ್ಗೆ ಮಳೆಗಾಗಿ ವಿಶೇಷ ನಮಾಜು ಎಂದು ಸಾರಿಸಿದೆ.

ಇಡೀ ಓಣಿ ಮೇಲೆ ಬಂತು. ಪದ್ಧತಿಯಂತೆ ಮೇಲುಹೊದಿಕೆಯನ್ನು ತಿರುವಿ ಹೊದ್ದು, ದುವಾಕ್ಕೆ ಎಂದರೆ ದೇವರಲ್ಲಿ ಬೇಡಲು, ಕೈಯೆತ್ತಿದೆ. ಮುದುಕರು ಬಿಕ್ಕಿಬಿಕ್ಕಿ ಅಳುತ್ತಿದ್ದರು. ಸಾವಿರ ಜನರ ನಡುವೆ ಏನನ್ನೂ ಕೇಳದೆ ನಿಂತಿದ್ದವನು ನಾನೊಬ್ಬನೇ. ಮಳೆಗೆ ಇನ್ನೆಷ್ಟು ತಾಸು ಎಂದು ಎಣಿಸುತ್ತಿದ್ದೆ.

ಮಧ್ಯಾಹ್ನ ಮಳೆ ಸುರಿಯಿತು. ಜನ ನನ್ನ ಕೈಗೆ ಮುತ್ತಿಟ್ಟರು. ನಾನು ಕೈ ಹಿಂದೆಗೆಯಲಿಲ್ಲ.

ಮೂರನೆಯ ದಿನ ಖಾಜಾಮೈನು ಬಂದ. ಉಸಿರುಬಾವಿಗಳ ದೂಳು ತೆಗೆಯುವ ಕೆಲಸದವನು. ಅವನ ಹೆಂಡತಿ ಜೈತುನ್‌ಬಿಗೆ ಅದೇ ದೂಳಿನಿಂದ ಎದೆ ಕಟ್ಟಿತ್ತು, ಮೂರು ವರ್ಷದಿಂದ ಹಾಸಿಗೆ ಹಿಡಿದಿದ್ದಳು.

"ಹಜರತ್, ನಿಮ್ ದುವಾ ಒಂದೇ ದಿನಕ್ಕ ಮುಟ್ತು. ನಾ ಮೂರು ವರ್ಷ ಆತು ಕೇಳ್ಕೋತ ಬಂದೀನಿ. ನನ್ ನಾಲಿಗ್ಯಾಗ ಏನರ ಕೆಟ್ಟದ್ ಅದ ಏನ್ರಿ?"

ಅವತ್ತೇ ನಿಜ ಹೇಳಬಹುದಿತ್ತು. ನಾನು ಪಾಠ ಹೇಳಿದೆ. ದುಡಿಮೆ ಶುದ್ಧವಿಲ್ಲದಿದ್ದರೆ, ಮನಸ್ಸು ಎಲ್ಲೋ ಇದ್ದು ಬಾಯಿ ಮಾತ್ರ ಆಡಿದರೆ ದುವಾ ಮೇಲೇರುವುದಿಲ್ಲ, ನಿನ್ನೊಳಗೆ ಹುಡುಕಿಕೋ ಎಂದೆ. ಅವನು ತಲೆ ತಗ್ಗಿಸಿ, "ಹೌದ್ರಿ" ಎಂದು ಹೋದ. ಪ್ರತಿ ಗುರುವಾರ ನಾನು ಮಾರಿಫತ್ ಪಾಠ ಮಾಡುತ್ತಿದ್ದೆ, ಅಂದರೆ ದೇವರನ್ನು ಅರಿಯುವ ಬಗೆ. 'ಮೊರೆಗೆ ಓಗೊಡುವವನು' ಎಂಬ ಒಂದೇ ನಾಮದ ಮೇಲೆ ಮೂರು ತಾಸು ಮಾತಾಡಬಲ್ಲವನಾಗಿದ್ದೆ. ಆ ಗುರುವಾರವೂ ಮಾತಾಡಿದೆ.

ಎಂಟು ತಿಂಗಳಾದ ಮೇಲೆ ಜೈತುನ್‌ಬಿ ತೀರಿಕೊಂಡಳು. ಮಣ್ಣು ಮಾಡಿದ ನಂತರ ನಾನು ದುವಾಕ್ಕೆ ಕೈಯೆತ್ತಿದೆ. ಎಲ್ಲರೂ ಎತ್ತಿದರು. ಖಾಜಾಮೈನು ಮಾತ್ರ ಎರಡೂ ಕೈಗಳನ್ನು ತೊಡೆಗೆ ಒತ್ತಿ ನಿಂತಿದ್ದ. ನಾನು ಕಣ್ಣಲ್ಲೇ ಸನ್ನೆ ಮಾಡಿದೆ.

"ನಾ ಎತ್ತಂಗಿಲ್ರಿ," ಎಂದ ಮೆಲ್ಲಗೆ. "ನಂದು ಕೂಡಿದ್ರ ನಿಮ್ಮದೂ ಆಕೀಗಿ ಮುಟ್ಟಂಗಿಲ್ಲ."

ಆದರೂ ದುವಾ ಮುಗಿಸಿದೆ, ಸ್ವರ ಕೂಡ ತಪ್ಪಲಿಲ್ಲ. ಇದನ್ನು ಬರೆಯುವಾಗ ನನಗೆ ಅತಿ ಹೆಚ್ಚು ನಾಚಿಕೆಯಾಗುವುದು ಆ ತಪ್ಪದ ಸ್ವರಕ್ಕೆ.

ಮುಂದಿನ ಶುಕ್ರವಾರ ಮಿಂಬರ್ ಎಂಬ ಪ್ರವಚನಪೀಠದ ಮೇಲಿಂದ ಎಲ್ಲವನ್ನೂ ಹೇಳಿದೆ. ಜನ ಬೈಯುತ್ತಾರೆ, ಹೊರದೂಡುತ್ತಾರೆ ಎಂದುಕೊಂಡಿದ್ದೆ. ಮಸೀದಿ ಕಮಿಟಿಯ ಹಿರಿಯರೊಬ್ಬರು ಎದ್ದು ನಿಂತು, "ಮಳಿ ಬಂತೋ ಇಲ್ಲೋ? ಮತ್ಯಾಕ ಕೆದಕ್ತೀರಿ, ಹಜರತ್?" ಎಂದರು. ಬಹಳ ಮಂದಿ ತಲೆಯಾಡಿಸಿದರು. ಅಷ್ಟು ಸುಲಭವಾಗಿ ಸಿಕ್ಕ ಕ್ಷಮೆಯನ್ನು ನಾನು ಒಪ್ಪಲಿಲ್ಲ. ಅಂದೇ ಇಮಾಮಗಿರಿ ಬಿಟ್ಟೆ. ಖಾಜಾಮೈನು ಆ ದಿನ ಮಸೀದಿಗೆ ಬಂದಿರಲಿಲ್ಲ. ನಾನೇ ಅವನ ಮನೆಗೆ ಹೋದೆ.

ಹೊಸ್ತಿಲ ಮೇಲೆ ಕೂತು ಪೂರ್ತಿ ಕೇಳಿಸಿಕೊಂಡ. ಆಮೇಲೆ ಹೇಳಿದ:

"ಆಕೀಗಿ ಮಾತಾಡ್ಲಿಕ್ಕೆ ಉಸುರು ಸಾಲ್ತಿದ್ದಿಲ್ರಿ. ದಿನಾ ಮುಂಜಾನಿ ನಾ ದುವಾ ಓದ್ತಿದ್ದೆ, ಆಕಿ ತುಟಿ ಆಡಿಸಿ ಆಮೀನ್ ಅಂತಿದ್ಳು. ಗುಣ ಆಗ್ಲಿ ಅಂತ ಅಲ್ಲ. ಗುಣ ಆಗಂಗಿಲ್ಲ ಅಂತ ನನಕಿಂತ ಮೊದ್ಲೇ ಆಕೀಗಿ ತಿಳಿದಿತ್ತು. ಕೈ ಎತ್ತಿದಾಗ ದೇವ್ರು ಹಂತೇಲೇ, ಹತ್ರನೇ ಇದ್ದಾನ ಅಂತ ಗೊತ್ತಾಗ್ತದ, ಅಷ್ಟೇ ಸಾಕು ಅಂತಿದ್ಳು. ನೀವು ಹೇಳಿದ್ಮ್ಯಾಗ ನಾ ಬಿಟ್ಟೆ. ಮುಂಜಾನಿ ಆದ್ರ ನನ್ನ ಕಡೀನೇ ನೋಡ್ತಿದ್ಳು. ಎಂಟು ತಿಂಗಳು ನೋಡಿದ್ಳು, ಹಜರತ್."

ನಾನು ಅವನ ಪಾದ ಹಿಡಿಯಲು ಬಾಗಿದೆ. ಅವನು ಕಾಲು ಹಿಂದೆಳೆದುಕೊಂಡ.

"ನನಗ ಮಾಫಿ ಕೇಳಬ್ಯಾಡ್ರಿ. ಕೊಡ್ಲಿಕ್ಕೆ ಆಗಂಗಿಲ್ಲ ಈಗ. ಸುಳ್ಳು ಯಾಕ ಹೇಳ್ಲಿ?"

ದೇವರ ತೊಂಬತ್ತೊಂಬತ್ತು ನಾಮಗಳನ್ನು ಅರ್ಥಸಹಿತ ಬಲ್ಲ ನನಗಿಂತ, ಉಸಿರು ಸಾಲದ ಆ ಹೆಂಗಸು ಅವನನ್ನು ಹೆಚ್ಚು ಅರಿತಿದ್ದಳು. ನಾನು ದುವಾವನ್ನು ಫಲ ಕೊಟ್ಟರೆ ನಿಜ, ಕೊಡದಿದ್ದರೆ ಸುಳ್ಳು ಎನ್ನುವಂಥ ವಸ್ತುವಾಗಿ ಮಾಡಿ ಓಣಿಗೆಲ್ಲ ತೋರಿಸಿದ್ದೆ. ಅದನ್ನು ಪೂರ್ತಿ ನಂಬಿ ನಡೆದವನು ಖಾಜಾಮೈನು ಒಬ್ಬನೇ, ಅವನ ಮನೆಯಿಂದ ದೇವರ ಸಾಮೀಪ್ಯವೇ ಹೋಯಿತು.

ಈಗ ನಾನು ಕೊನೆಯ ಸಾಲಿನಲ್ಲಿ ಕೂರುತ್ತೇನೆ. ಮೊದಮೊದಲು ಕೈಯೆತ್ತಿದಾಗಲೆಲ್ಲ ಬಾಯಿಪಾಠದ ಅರಬ್ಬಿ ಸಾಲುಗಳು ತಾವಾಗಿ ಹರಿದು ಬರುತ್ತಿದ್ದವು. ಅವನ್ನು ತಡೆದರೆ ಉಳಿಯುವುದು ಏನೂ ಇರಲಿಲ್ಲ. ಐವತ್ತೆಂಟನೆಯ ವಯಸ್ಸಿನಲ್ಲಿ, ಒಂದು ಮುಂಜಾನೆ, 'ನನಗೆ ಕೇಳಲು ಬರುವುದಿಲ್ಲ' ಎಂದು ನನ್ನ ಮನೆಮಾತಿನಲ್ಲಿ ಹೇಳಿದೆ. ನನ್ನ ಮೊದಲ ದುವಾ ಅದು.

ಖಾಜಾಮೈನು ಮತ್ತೆ ಮಸೀದಿಗೆ ಬರುತ್ತಾನೆ. ನಮಾಜು ಮುಗಿಸುತ್ತಾನೆ. ದುವಾ ಶುರುವಾಗುತ್ತಲೇ ಎದ್ದು, ಯಾರಿಗೂ ತಾಕದಂತೆ ಸಾಲುಗಳ ನಡುವಿನಿಂದ ಹೊರಗೆ ಹೋಗುತ್ತಾನೆ.

ಹಿರಿಯರೇ, ಇನ್ನೂ ಹುಟ್ಟದವರಿಗಾಗಿ ದುವಾ ಮಾಡುವುದು ಪೈಗಂಬರರ ಕಾಲದಿಂದ ಬಂದ ರೂಢಿ. ಕೇಳಿಸಿಕೊಳ್ಳುವ ದೇವರಿಗೆ ಮೊದಲು, ಆಮೇಲೆ ಎಂಬುದಿಲ್ಲ. ಆದ್ದರಿಂದ ನಿಮ್ಮಲ್ಲಿ ಒಂದು ಬೇಡಿಕೆ. ನಾಳೆ ಮುಂಜಾನೆ, ನಿಮಗೆ ಬರುವ ಮಾತಿನಲ್ಲಿ, ಬೀದರಿನ ಕೆಳಓಣಿಯ ಖಾಜಾಮೈನುವಿಗಾಗಿ ಕೇಳಿ. ಅವನು ಎದ್ದು ಹೋಗದೆ ಒಂದು ದಿನ ಕೂತಿರಲಿ ಎಂದು ಕೇಳಿ. ಆ ದಿನ ಅವನ ಬಾಜೂಕೆ ಯಾರಾದರೂ ಒಳ್ಳೆಯವರು ಇರಲಿ ಎಂದೂ ಕೇಳಿ. ಅದು ನಾನೇ ಆಗಬೇಕೆಂದಿಲ್ಲ.

ಬುರ್ಹಾನುದ್ದೀನ್